ಲಾಭ

ಎಳ್ಳಮಾಸಿ ದಿನ ಗಂಜ್ ಬಂದ್.
ನನ್ನ ಕಾಂಟಾದ ಮ್ಯಾಲ ಬೆಕ್ಕು ಮಲಗ್ಯಾದ.
ಕೆಂಪು ಅಂಕಿ ಆರಿಸಿ ಬಂದೀನಿ, ಇಲ್ಲಾಂದ್ರ
ಅದರ ತೂಕಾನೂ ತೋರಸ್ತಿತ್ತು.

ಯಾದಗಿರಿಗೆ ಯಾದಗಿರೀನೇ ಹೊಲಕ್ಕ ನಡದದ.
ಟಂಟಂ ತುಂಬ ಹೊಸ ಸೀರಿ,
ಬಿಳಿ ಬಟ್ಟಿ ಕಟ್ಟಿದ ಬುಟ್ಟಿ, ಸಂದಿಯಿಂದ ಭಜ್ಜಿ ವಾಸನಿ.
ನಮಗ ಹೊಲ ಇಲ್ಲ.
ಇಪ್ಪತ್ತಾರು ವರ್ಷ ಮಂದಿ ತೊಗರಿ ತೂಗಿದ ಕೈಗೆ
ಅಂಗೈಯಗಲ ಎರಿ ಮಣ್ಣಿಲ್ಲ.
ಇದು ದುಃಖ ಅಲ್ಲ, ಲೆಕ್ಕ ಹೇಳ್ಲತ್ತೀನಿ.

ಲಾಲಮ್ಮ ಅಂದಳು: ಪಾರ್ಕಿಗೆ ಹೋಗೋಣ ನಡಿ,
ಹೊಳಿ ದಂಡಿಗೆ ಹೊಸದು ಮಾಡ್ಯಾರಂತ.

ತಲಿಗೆ ಹತ್ತು ರೂಪಾಯಿ ಟಿಕೀಟು.
ಹರಿದು ಕೊಡೋ ಹುಡುಗನ್ನ ಕೇಳಿದಳು:
ಪಾರ್ಕ್ ನೋಡ್ಲಾಕ ಎಷ್ಟಪ್ಪ, ಹೊಳಿ ನೋಡ್ಲಾಕ ಎಷ್ಟು?
ಎರಡೂ ಕೂಡಿ ಅಕ್ಕಾ, ಅಂದ.

ಆಕಿ ಹುಟ್ಟಿದ್ದು ಆಚಿ ದಂಡಿ.
ಹನ್ನೊಂದು ವರ್ಷದಾಕಿ ಹರಗೋಲಿನ್ಯಾಗ
ಮೊಸರ ಗಡಿಗಿ ಅವಚಿಕೊಂಡು ಇಲ್ಲೇ ಇಳೀತಿದ್ದಳಂತ,
ಈಗ ಸಿಮೆಂಟಿನ ಜಿಂಕಿ ನಿಂತ ಜಾಗಾ.
ಅಂಬಿಗ ಯಂಕೋಬ ರೊಕ್ಕ ಕೇಳ್ತಿದ್ದಿಲ್ಲ.
ಒಂದು ಸೌಟು, ಅದೂ ಕೆನಿ ಇದ್ದ ಕಡಿಯಿಂದ.

ಶಹಾಬಾದ ಫರಸಿ ಹಾಸಿದ ದಾರಿ,
ಎರಡಾಳೆತ್ತರ ಹೊಂಗಿ, ಒಂದು ಮುರಿದ ಜೋಕಾಲಿ,
ಹುಲ್ಲು ತುಳಿಯಬಾರದು, ಹೂ ಕೀಳಬಾರದು,
ನೀರಿಗೆ ಇಳಿಯಬಾರದು.
ಕಟಕಟಿ ಆಚಿ ಭೀಮಾ
ಬ್ಯಾರೇಜಿನ ಬಾಗಿಲಿಗೆ ಬೆನ್ನು ಹಚ್ಚಿ ಸುಮ್ಮನ ಬಿದ್ದದ,
ಎಣ್ಣಿ ಹಚ್ಚಿಸಿಕೊಂಡ ಬಾಣಂತಿ ಹಂಗ.
ಹಬ್ಬ ಗೊತ್ತಿಲ್ಲದ ಲಾರಿ ಶಹಾಪುರದ ಹತ್ತಿ ಹೇರಿ
ಸೇತುವಿ ದಾಟ್ತಾವ.
ಅರಳಿಯ ಚೂರು ಉದುರಿ ನೀರ ಮ್ಯಾಲ ಕೂಡತಾವ;
ಬೆಳ್ಳಕ್ಕಿ ಒಂದು ಮೋಸ ಹೋಗಿ ಕುಕ್ಕಿ ನೋಡ್ತು.

ನನ್ನ ಕಣ್ಣಿಗೆ ಸೂಟಿ ಇಲ್ಲ.
ಇಷ್ಟು ನೀರು ಎಷ್ಟು ಕ್ವಿಂಟಲ್,
ಕಸರು ಎಷ್ಟು, ತೇವ ಎಷ್ಟು ಕಡಿಬೇಕು ಅಂತ
ಒಳಗೇ ಕೂಡಿ ಕಳೀತಿದ್ದೆ.
ತೇವ! ನನಗ ನಾನೇ ನಕ್ಕೆ.
ನಮ್ಮಪ್ಪ ಸೇರಿನ್ಯಾಗ ಅಳೀತಿದ್ದ, ಅರ್ಧ ಹಾಡಿದಂಗ.
ಒಂದು ಅನ್ನೂದಿಲ್ಲ, ಮೊದಲನೇ ಸೇರು ಲಾಭ.
ಲಾಭ, ಎರಡು, ಮೂರು...
ನನ್ನ ಯಂತ್ರಕ್ಕ ಲಾಭ ಗೊತ್ತಿಲ್ಲ,
ಅದು ಸೊನ್ನಿಯಿಂದ ಶುರು ಮಾಡ್ತದ.

ಬುಟ್ಟಿ ಬಿಚ್ಚಿದಳು. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು.
ಉಣ್ಣೂಕಿಂತ ಮೊದಲು ಚರಗ ಚೆಲ್ಲಬೇಕು.
ಎಲ್ಲಿ ಚೆಲ್ಲೂದು?
ಹೊಲ ಇದ್ದವರಿಗೆ ನಾಕು ಬದು, ನಾಕು ಮೂಲಿ.
ಇಲ್ಲಿ ನಾಕೂ ಕಡಿ ಬೋರ್ಡು.

ಸೀಟಿ ಊದಿ ಓಡಿ ಬಂದ ಕಾವಲಿ ಮಾನಪ್ಪ:
ಕಸ ಹಾಕಬ್ಯಾಡ್ರಿ ಅಕ್ಕಾ.
ಕಸ ಅಲ್ಲಪ್ಪ ಇದು, ಅಂದಳು,
ಕೈಯಾಗಿನ ಕಲಸಿದ ಬುತ್ತಿ ಹಂಗೇ ಹಿಡಿದು.
ಅವ ಬುತ್ತಿ ನೋಡಿದ. ನೋಡೇ ನೋಡಿದ.
ಸೀಟಿ ಕಿಸೆಕ್ಕ ಇಳೀತು.
ನಮ್ಮೂರಾಗ ಈಗ ಚೆಲ್ಲಿ ಉಣ್ಲತ್ತಿರಬೇಕು, ಅಂದ,
ನನಗ ಸೂಟಿ ಕೊಡಲಿಲ್ಲ.
ಆ ಕಂಬಕ್ಕ ಕ್ಯಾಮರಾ ಅದ, ಈ ಕಡಿ ಬರ್ರಿ.

ಮೊದಲನೇದು ಕಟಕಟಿ ದಾಟಿ ಹೊಳಿಗೆ.
ನೀರು ಕುದ್ದಂಗಾತು, ಮೀನು.
ಯಾರು ಅನಿಸಿದರೋ, ನನ್ನ ಬಾಯಿಂದ ಬಂತು:
ಲಾಭ.
ಗುಲಾಬಿ ಮಡಿಗೆ ಬಿದ್ದದ್ದಕ್ಕ
ಮಾನಪ್ಪ ಮೆಲ್ಲಕ ಎರಡು ಅಂದ.
ಮೂರನೇದು ಜಿಂಕಿ ಕಾಲಿಗೆ.
ಬಾಜೂ ಕುಂತ ಕೂಸೊಂದು ಎದ್ದು ಬಂದು ಬುದ್ಧಿ ಹೇಳ್ತು:
ಅದು ತಿನ್ನೂದಿಲ್ಲಜ್ಜಿ, ಒಳಗ ತಂತಿ ಅದ.
ಯಂಕೋಬಗ ಹಾಕೀನಿ, ಅಂದಳು ಲಾಲಮ್ಮ.
ಕೂಸಿಗೆ ತಿಳೀಲಿಲ್ಲ. ಕಡುಬು ಇಸಕೊಂಡು ಹೋತು.

ಮಾನಪ್ಪ ನಮ್ಮ ಜೋಡಿ ಉಂಡ,
ತಾನೇ ಕಾಯೋ ಹುಲ್ಲಿನ ಮ್ಯಾಲ
ಚಪ್ಪಲಿ ಕಳಚಿಟ್ಟು ಕುಂತು.

ಹೊರಡೂ ಮುಂದ ಹೊಳ್ಳಿ ನೋಡಿದೆ.
ಜಿಂಕಿ ಗೊರಸಿನಿಂದ ಫರಸಿ ಸಂದಿಗುಂಟ
ಇರುವಿ ಸಾಲು ಹಿಡದಿದ್ದವು,
ಒಂದೊಂದರ ತಲಿ ಮ್ಯಾಲ
ಒಂದೊಂದು ಅಗಳು ಸಜ್ಜಿ.
ಎಣಸ್ಲಾಕ ನಿಂತೆ.
ಲಾಲಮ್ಮ ಗೇಟಿನಿಂದ ಕೂಗ್ಲತ್ತಿದ್ದಳು.