ಮೂರನೇ ಪ್ರೂಫು

ಜಿಯಾಯಿ ಊರಿನ ರೈಲು ಹಳಿಯ ಹಿಂದೆ ನಮ್ಮ ಅಚ್ಚುಕೂಟ.
ಮದುವೆಯ ಕರೆಯೋಲೆ, ಸಾವಿನ ಕಾಗದ,
ಮೂಲೆಯ ನೂಡಲ್ ಅಂಗಡಿಯ ದರಪಟ್ಟಿ,
ಎಲ್ಲಕ್ಕೂ ಒಂದೇ ಯಂತ್ರ, ಒಂದೇ ಮಸಿ.

ಫಾನ್ ಶುನ್-ಹೋ ಬೆಳಿಗ್ಗೆಯೇ ಬಂದು ಕೂತಿದ್ದರು.
ಅಕ್ಕ ಹೋದಳು. ಎಂಬತ್ತೇಳು.
ಎಂಬತ್ತು ದಾಟಿದವರಿಗೆ ಗುಲಾಬಿ ಕಾಗದ, ಅದು ಅವರಿಗೂ ಗೊತ್ತು.
ನೂರಿಪ್ಪತ್ತು ಪ್ರತಿ, ಶುಕ್ರವಾರದೊಳಗೆ.
ಪೆನ್‌ಡ್ರೈವ್ ಮೇಜಿನ ಮೇಲಿಟ್ಟು
ಕಡಲೆಕಾಯಿ ಸುಲಿಯತೊಡಗಿದರು.

ಪಿಡಿಎಫ್ ತೆರೆದೆ.
ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮರಿಮಗು ಒಂದು,
ಎಲ್ಲರೂ ಸಾಲಾಗಿ ನೆಟ್ಟಗೆ ನಿಂತಿದ್ದಾರೆ.
ಅವಳ ಹೆಸರಿನ ನಟ್ಟನಡುವೆ
ಒಂದು ಖಾಲಿ ಚೌಕ.
ನಮ್ಮ ಕಸುಬಿನವರು ಅದಕ್ಕೆ ತೋಫು ಎನ್ನುತ್ತೇವೆ.
ಸಾವಿನ ಮನೆಯವರೆದುರು ಆ ಮಾತು ಬಾಯಿಗೆ ಬರಲಿಲ್ಲ.

ಫಾಂಟು ಫೈಲಿನೊಳಗೆ ಸೇರಿಲ್ಲ, ಅಂದೆ.
ತಲೆಯಾಡಿಸಿದರು, ಡಾಕ್ಟರ ಮುಂದೆ ಆಡಿಸುವ ಹಾಗೆ.
ಮಿಂಗ್ ಹಾಕಿದೆ: ಚೌಕ.
ಕಾಯ್ ಹಾಕಿದೆ: ಚೌಕವೇ, ಕೊಂಚ ತೆಳು.
ಜಪಾನಿನದೊಂದು ಹಾಕಿದೆ: ಪ್ರಶ್ನೆಯ ಕೊಕ್ಕೆ ಎದ್ದು ನಿಂತಿತು,
ಯಾರಿವಳು ಎಂದು ಕೇಳುವಂತೆ.

ಅಕ್ಷರ ಹೇಗಿರುತ್ತೆ?
ಎಡಕ್ಕೆ ನೀರಿನ ಮೂರು ಹನಿ. ಬಲಕ್ಕೆ ಮೇಲೆ ಹುಲ್ಲು.
ಹುಲ್ಲಿನ ಕೆಳಗೊಂದು ಹಕ್ಕಿ.
ಮೇಜಿನ ಧೂಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು.
ಅಪ್ಪ ಮದ್ದಿನಂಗಡಿಯವನು, ಹಳೇ ನಿಘಂಟಿನಿಂದ ಹೆಕ್ಕಿದ್ದು,
ಊರಲ್ಲಿ ಇನ್ಯಾರಿಗೂ ಇರಬಾರದು ಅಂತ.
ಇರಲಿಲ್ಲ. ಯಂತ್ರಗಳಿಗೂ ಇರಲಿಲ್ಲ.
ಬ್ಯಾಂಕಿನ ಪುಸ್ತಕದಲ್ಲಿ ಅವಳು ಒಂದು ಚುಕ್ಕಿ.
ಆಸ್ಪತ್ರೆಯ ಚೀಟಿಯಲ್ಲಿ ಅದೇ ಉಲಿಯ ಇನ್ನೊಂದಕ್ಷರ,
ಯಾರದೋ ಅಂಗಿ ತೊಟ್ಟ ಹಾಗೆ.
ಎಲ್ಲೋ ಒಂದು ಪಟ್ಟಿಯಲ್ಲಿ ಬರೀ ಜಾಗ.
ಜಾಗವನ್ನಾದರೂ ಬಿಟ್ಟರಲ್ಲ ಎಂದು ನಗುತ್ತಿದ್ದಳಂತೆ.

ಮಧ್ಯಾಹ್ನ ಎಪ್ಪತ್ತು ಸಾವಿರ ಅಕ್ಷರಗಳ ಫಾಂಟೊಂದು ಸಿಕ್ಕಿತು.
ಪರದೆಯ ಮೇಲೆ ಹಕ್ಕಿ ಬಂದೇಬಿಟ್ಟಿತು!
ಇಬ್ಬರೂ ನೋಡಿದೆವು.
ಕಾಗದಕ್ಕೆ ಬಂದಾಗ ಮತ್ತೆ ಚೌಕ.
ಅಚ್ಚಿನ ಯಂತ್ರಕ್ಕೆ ಅದರದೇ ನೆನಪು, ಅದರದೇ ಹಟ.
ಆ ಎರಡನೇ ಪ್ರೂಫನ್ನು ಅವರು ಮಡಿಸಿ ಮಡಿಸಿ
ಪುಟ್ಟ ಡಬ್ಬಿ ಮಾಡಿ
ಸಿಪ್ಪೆ ಅದರೊಳಗೆ ಹಾಕಿದರು.

ಕೊನೆಗೆ ನೂಡಲ್ ಅಂಗಡಿಯ ದರಪಟ್ಟಿ ತೆರೆದೆ.
ಕಡಲ ಊಟದ ಕಡಲಿನಿಂದ ಮೂರು ಹನಿ,
ತಣ್ಣನೆ ಚಹಾದಿಂದ ಹುಲ್ಲು,
ಬಾತಿನ ಸೂಪಿನಿಂದ ಹಕ್ಕಿ.
ಒತ್ತಿ, ಜಗ್ಗಿ, ಒಂದೇ ಚೌಕದೊಳಗೆ ಕೂರಿಸಿದೆ.
ಬರಹವನ್ನು ಗೆರೆಗಳಾಗಿ ಬದಲಿಸಲೇ, ಕೇಳಿತು ಸಾಫ್ಟ್‌ವೇರ್,
ಇನ್ನು ಮುಂದೆ ತಿದ್ದಲಾಗದು.
ಸರಿ, ಒತ್ತಿದೆ.

ಮೂರನೇ ಪ್ರೂಫು.
ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದರು.
ತುಂಬ ಹೊತ್ತು.
ಹಕ್ಕಿ ಸ್ವಲ್ಪ ದಪ್ಪವಾಯಿತು, ಎಂದರು.
ಬಾತು ಎಂದು ನಾನು ಹೇಳಲಿಲ್ಲ.
ಇರಲಿ, ಕೊನೆಕೊನೆಗೆ ಅವಳೂ.

ಅವರು ಹೋದ ಮೇಲೆ ಫೈಲಿನಲ್ಲಿ ಅವಳ ಹೆಸರು ಹುಡುಕಿದೆ.
ಸಿಗಲಿಲ್ಲ ಎಂದಿತು.
ಸಿಗುವುದಾದರೂ ಹೇಗೆ, ಈಗದು ಅಕ್ಷರವಲ್ಲ,
ಬರೀ ಗೆರೆ. ಅಳಿಸಲು ಬರುವುದಿಲ್ಲ,
ಓದಲೂ ಬರುವುದಿಲ್ಲ ಅದಕ್ಕೆ.

ತಿಂಗಳ ಕೊನೆಗೆ ಹಳೇ ಫೈಲುಗಳನ್ನು ಒಪ್ಪ ಮಾಡುವಾಗ ಕಂಡೆ:
ಫಾನ್, ಆಮೇಲೊಂದು ಚೌಕ, ಆಮೇಲೆ ತಾರೀಕು.
ಹೆಸರು ಬದಲಿಸಲು ಕೈ ಹೋಯಿತು.
ಬಿಟ್ಟೆ.