ಚೀಲ ಬಿಚ್ಚದೆ

ಖೆಂತಿಯ ಹುಲ್ಲುಗಾವಲಲ್ಲಿ ಕುದುರೆಯಿಂದ ಬಿದ್ದ ಹುಡುಗ
ಗುಡಾರದ ಬಾಗಿಲಲ್ಲಿ ನಿಂತಿದ್ದಾನೆ,
ಬೇರೆ ಯಾರದೋ ತೋಳನ್ನು
ಹೊತ್ತು ತಂದವನಂತೆ.

ದುಲಾಮ್‌ಸುರೆನ್ ಅಜ್ಜಿ ನೋಡುವುದಿಲ್ಲ.
ಕಣ್ಣು ಮುಚ್ಚಿ, ಹಾಲು ಕರೆದ ಬೆರಳುಗಳನ್ನು
ಅವನ ಭುಜದ ಕೀಲಿನ ಮೇಲಿಡುತ್ತಾಳೆ.

ಎಂಟರ ವಯಸ್ಸಿನಲ್ಲಿ ಅವಳಪ್ಪ
ಕುರಿಯ ಕಾಲುಮೂಳೆ ಒಡೆದು, ಚಕ್ಕಳದ ಚೀಲಕ್ಕೆ ಹಾಕಿ,
‘ಬಿಚ್ಚದೆ ಜೋಡಿಸು’ ಎಂದಿದ್ದ.
ಮೂರು ಚಳಿಗಾಲ ಹಿಡಿಯಿತು.

‘ಕುದುರೆ ಯಾವ ಬಣ್ಣವೋ?’
‘ಕಂ—’
ಲಟಕ್.
ಗುಂಡು ತನ್ನ ಬಟ್ಟಲಿಗೆ ಮರಳಿತು.
ಮುಷ್ಟಿ ಬಿಗಿದಿದ್ದ ಸ್ನಾಯುಗಳು
ಒಂದೊಂದೇ ಹಟ ಬಿಟ್ಟವು.
‘—ದು’ ಎಂದ, ತಡವಾಗಿ.

ಅಜ್ಜಿ ಏಳಹೋದಳು.
ಅವಳದೇ ಮಂಡಿ, ಮರಳು ತುಂಬಿದ ತಿರುಗಣಿ,
ಅರ್ಧಕ್ಕೇ ನಿಂತಿತು.
ಹುಡುಗ ಕೈ ಚಾಚಿದ.

‘ಅದಲ್ಲವೋ,
ಇನ್ನೊಂದು ಕೊಡು.’