ಮೂವತ್ತೆಂಟು ಕೊಳವೆ

ಬಚ್ಚಲ ಹಂಡೆಗಿಂತ ತುಸು ದಪ್ಪ, ಅಷ್ಟೇ,
ಆ ಉಗಿಬಂಡಿಯ ಹೊಟ್ಟೆ.
ಹಳಿಯಿಂದ ಹಳಿಗೆ ಮೊಳಕ್ಕೆ ಮೂರು ಬೆರಳು ಕಡಿಮೆ.
ಡ್ರೈವರು ಕೂತರೆ ಮೊಣಕಾಲು ಕಿವಿಗೆ ತಾಗುತ್ತಿತ್ತು,
ಮಕ್ಕಳು ನಗುತ್ತಿದ್ದರು;
ನಗುವುದಕ್ಕೂ ಸೇರಿಯೇ ಹತ್ತು ಸೆಂಟು.

ಒಹಾಯೊ ನದಿಯ ದಂಡೆ. ಪಾರ್ಕು ತೆರೆಯಲು ಇನ್ನೂ ಮೂರು ತಾಸು.
ಓಝೆಲ್ ಟ್ರಾಮಲ್ ಹಿಂಬಾಗಿಲಿಂದ ಬರುತ್ತಿದ್ದ,
ಕೈಯಲ್ಲಿ ಲಾಂದ್ರ, ಜೊತೆಗೆ ಏಳು ವರ್ಷದ ಮಗಳು.
ಬಂಡಿ ಚಿಕ್ಕದು, ಅವನ ತೋಳು ದೊಡ್ಡದು;
ಹೊಗೆಪೆಟ್ಟಿಗೆಯ ಬಾಯೊಳಗೆ ಹೋಗುತ್ತಿದ್ದುದು
ವರ್ಲೀನಳ ಕೈ ಮಾತ್ರ.

ತಂತಿಬ್ರಷ್ಷು ತೂರಿಸಿ ಒಂದೊಂದೇ ಕೊಳವೆ.
ಎಣಿಕೆ ಕಲಿತದ್ದು ಅಲ್ಲೇ, ಮೂವತ್ತೆಂಟರ ತನಕ.
ಆಚೆಗಿನ ಸಂಖ್ಯೆಗಳು ಶಾಲೆಯವು.
ಮೇಲಿನ ಸಾಲಿನ ಐದನೆಯದು ಸೋರುತ್ತದೆ ಎಂದು
ಕಂಡುಹಿಡಿದವಳೂ ಅವಳೇ, ಉಗುರಿಗೆ ತೇವ ತಾಗಿ.
ಅಪ್ಪ ಎರಡೂ ತುದಿಗೆ ಬೆಣೆ ಜಡಿದ.
"ಯಾರಿಗೂ ಹೇಳಬೇಡ, ಸಂಬಳದಲ್ಲಿ ಮುರೀತಾರೆ."

ಏಳೂವರೆಗೆ ಬೆಂಕಿ. ನೆಲ್ಲಿಕಾಯಿ ಗಾತ್ರದ ಕಲ್ಲಿದ್ದಲು.
ಒತ್ತಡದ ಮುಳ್ಳು ನಡುಗಿ, ಮಲಗಿ, ಮತ್ತೆ ಏಳುವುದು.
ಎಂಟೂಮುಕ್ಕಾಲಿಗೆ ಅಪ್ಪ ಗಡಿಯಾರ ನೋಡುತ್ತಿದ್ದ,
ಅವಳು ಲಂಗಕ್ಕೆ ಕೈ ಒರೆಸಿಕೊಂಡು ಹಿಂಬಾಗಿಲಿಗೆ ನಡೆಯುತ್ತಿದ್ದಳು.
ಮುಂದಿನ ಗೇಟಿನಲ್ಲಿ 'ಬಿಳಿಯರಿಗೆ ಮಾತ್ರ' ಎಂಬ ಬೋರ್ಡು;
ಓದಲು ಬರುವ ಮೊದಲೇ ಅವಳಿಗೆ ಬಾಯಿಪಾಠ.
ಬೇಲಿಯಾಚೆ ನಿಂತು ಸೀಟಿ ಕೇಳುವಳು.
ದನಿ ಸ್ವಲ್ಪ ಕುಗ್ಗಿದರೂ
ಯಾವ ಕೊಳವೆ, ಎಂದು ಮನಸ್ಸಿನಲ್ಲೇ ತಡವುವಳು.

ಅರವತ್ತೆಂಟು ವರ್ಷ ಕಳೆದು
ಯಾರದೋ ಕೋಳಿಗೂಡಿನಲ್ಲಿ ಸಿಕ್ಕಿತಂತೆ ಬಂಡಿ.
ಬೇರೆ ಪಾರ್ಕು, ಬೇರೆ ಬಣ್ಣ, ಹಿತ್ತಾಳೆಗೆಲ್ಲ ಹೊಳಪು.
ರಿಪೇರಿ ಮಾಡಿದ ಹುಡುಗ, ಟಾಡ್ ಬ್ರೂಗೆಮನ್,
ಹೆಮ್ಮೆಯಿಂದ ಹೊಗೆಪೆಟ್ಟಿಗೆ ತೆರೆದು ತೋರಿಸಿದ.
"ಎಲ್ಲ ಹೊಸ ಕೊಳವೆ, ಅಮ್ಮಾ. ಹಳೆಯದರಲ್ಲಿ ಒಂದಕ್ಕೆ ಮಾತ್ರ
ಬೆಣೆ ಹೊಡೆದಿತ್ತು, ಯಾಕೋ ಗೊತ್ತಾಗಲಿಲ್ಲ."

"ಮೇಲಿನ ಸಾಲು, ಐದನೆಯದು," ಅಂದಳು ವರ್ಲೀನ್.

ಹುಡುಗ ಚಿಂದಿ ಬಟ್ಟೆಯಿಂದ
ಒರೆಸಿದ್ದ ಹಿಡಿಯನ್ನೇ ಮತ್ತೆ ಒರೆಸಿದ.
ಗಂಟುಗಟ್ಟಿದ ಅವಳ ಕೈ
ಆ ಬಾಯ ಅಂಚಿನ ತನಕ ಹೋಗಿ ನಿಂತಿತು.

ಬಿಟ್ಟಿ ಬೇಡವೆಂದು ಟಿಕೆಟ್ಟು ಕೊಂಡಳು,
ಮೂರು ಡಾಲರು, ಚಿಲ್ಲರೆ ಎಣಿಸಿ.
ಬಾತುಕೋಳಿಯ ಕೊಳ, ಹಲಗೆ ಸೇತುವೆ,
ಐಸ್‌ಕ್ರೀಂ ಅಂಗಡಿಯ ಹಿಂಗೋಡೆ,
ತಗಡಿನ ಸುರಂಗದಲ್ಲಿ ಒಂದು ಉಸಿರಿನಷ್ಟು ಕತ್ತಲೆ.
ನಾಲ್ಕು ನಿಮಿಷ.

"ಇಷ್ಟೇನಾ?" ಅಂದಳು.

ಇಳಿಯಲಿಲ್ಲ.